ಗಾಯ ಒಣಗಿದರೆ ಸಾಲದು, ಕೈ ಮಡಚಬೇಕು, ಬಿಡಿಸಬೇಕು: ಸುಟ್ಟಗಾಯದ ಅರ್ಧ ಚಿಕಿತ್ಸೆ ಮನೆಯಲ್ಲಿದೆ

ಬಚ್ಚಲಿನ ಹಂಡೆಯ ಬಿಸಿನೀರು ಮೈಮೇಲೆ ಬಿತ್ತು. ಗ್ಯಾಸ್ ಸೋರಿ ಬೆಂಕಿ ಹತ್ತಿತು. ಜಾತ್ರೆಯಲ್ಲಿ ಗರ್ನಾಲ್ ಸಿಡಿಯಿತು. ಇಂಥ ಸುದ್ದಿಗಳು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. "ಗಾಯಾಳುವನ್ನು ಮಣಿಪಾಲದ ಆಸ್ಪತ್ರೆಗೆ ದಾಖಲಿಸಲಾಗಿದೆ" ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಆ ಮನುಷ್ಯ ಬದುಕಿ ಮನೆಗೆ ಬಂದ ಮೇಲೆ ಏನಾಯಿತು, ಕೈ ಮೊದಲಿನಂತೆ ಆಯಿತೇ, ಕೆಲಸಕ್ಕೆ ಹೋಗಲು ಆಯಿತೇ, ಮದುವೆ ಮುಂಜಿಗೆ ಹೋಗುವ ಧೈರ್ಯ ಬಂತೇ ಎಂದು ಯಾರೂ ಬರೆಯುವುದಿಲ್ಲ.

ನಾವು ಇಲ್ಲಿ ಬರೆಯಲು ಹೊರಟಿರುವುದು ಆ ಉಳಿದ ಅರ್ಧದ ಬಗ್ಗೆ. ನಮ್ಮ ಮಾತು ಇಷ್ಟೇ: ಶಸ್ತ್ರಚಿಕಿತ್ಸೆ ಗಾಯವನ್ನು ಮುಚ್ಚುತ್ತದೆ. ಆದರೆ ಕೈ ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದು ಮುಂದಿನ ಒಂದೆರಡು ವರ್ಷ ಮನೆಯಲ್ಲಿ ದಿನಾ ಏನು ಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ. ಆ ದಿನಚರಿಯನ್ನು ರೋಗಿಗೆ ರೂಢಿ ಮಾಡಿಸಬಲ್ಲವರು ಮುಖ್ಯವಾಗಿ ನರ್ಸ್‌ಗಳು. ಆ ಕೆಲಸಕ್ಕೆ ಬೇಕಾದ ತರಬೇತಿ, ಸಮಯ, ಮರ್ಯಾದೆ ಮೂರನ್ನೂ ಅವರಿಗೆ ಕೊಡಬೇಕು.

ಹಿತವಾಗಿ ಮಲಗಿದರೆ ಕಷ್ಟ ಶುರು

ಮೊದಲು ಚರ್ಮದ ಒಳಗೆ ಏನಾಗುತ್ತದೆ ಎಂದು ನೋಡೋಣ. ಮೇಲ್ಪದರ ಮಾತ್ರ ಸುಟ್ಟರೆ ಒಂದೆರಡು ವಾರದಲ್ಲಿ ಗುಣವಾಗುತ್ತದೆ, ಕಲೆಯೂ ಹೆಚ್ಚು ಉಳಿಯುವುದಿಲ್ಲ. ಆಳವಾಗಿ ಸುಟ್ಟು, ಮುಚ್ಚಲು ಮೂರು ವಾರಕ್ಕಿಂತ ಹೆಚ್ಚು ಹಿಡಿಯುವ ಗಾಯದ ಕಥೆ ಬೇರೆ. ಅಲ್ಲಿ ಹೊಸದಾಗಿ ಬರುವ ಚರ್ಮ ದಪ್ಪಗಾಗಿ, ಉಬ್ಬಿ, ಗಟ್ಟಿಯಾಗುತ್ತದೆ. ಅಷ್ಟೇ ಅಲ್ಲ, ಅದು ಕುಗ್ಗುತ್ತಾ ಹೋಗುತ್ತದೆ. ಒದ್ದೆ ಚರ್ಮ ಒಣಗುವಾಗ ಚೆಂಡೆಯ ಮೇಲೆ ಬಿಗಿದುಕೊಳ್ಳುವ ಹಾಗೆ. ಕೀಲಿನ ಮೇಲೆ ಹೀಗಾದರೆ ಮೊಣಕೈ ಮಡಚಿದಲ್ಲೇ ನಿಲ್ಲುತ್ತದೆ, ಬೆರಳುಗಳು ಅಂಗೈಗೆ ಅಂಟುತ್ತವೆ, ಗಲ್ಲ ಎದೆಯ ಕಡೆಗೆ ಎಳೆದುಕೊಳ್ಳುತ್ತದೆ. ಇದಕ್ಕೆ ವೈದ್ಯರು ಕಾಂಟ್ರಾಕ್ಚರ್ ಎನ್ನುತ್ತಾರೆ.

ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಒಂದು ಮಾತಿದೆ. ರೋಗಿಗೆ ಯಾವ ಭಂಗಿ ಹಿತವೋ, ಅದೇ ಭಂಗಿಯಲ್ಲಿ ಕೀಲು ಹಿಡಿದುಕೊಳ್ಳುತ್ತದೆ. ಕುತ್ತಿಗೆ ಸುಟ್ಟವರಿಗೆ ದಿಂಬು ಇಟ್ಟು ಮಲಗಿದರೆ ಹಿತ. ಆದರೆ ದಿಂಬು ಇಡಬಾರದು. ಕಂಕುಳು ಸುಟ್ಟವರಿಗೆ ತೋಳನ್ನು ಮೈಗೆ ಒತ್ತಿಕೊಂಡರೆ ಹಿತ. ಆದರೆ ತೋಳನ್ನು ಮೈಯಿಂದ ದೂರ ಚಾಚಿ ಇಡಬೇಕು. ಮೊಣಕಾಲು ಮಡಚಿ ಮಲಗಬೇಕೆನಿಸುತ್ತದೆ. ಆದರೆ ನೇರ ಇಡಬೇಕು.

ಅಂದರೆ ಸುಟ್ಟಗಾಯದವರು ಪ್ರತಿದಿನ, ಪ್ರತಿ ಗಂಟೆ, ತಮ್ಮ ಮೈ ಬೇಡವೆನ್ನುವುದನ್ನೇ ಮಾಡಬೇಕು. ನೋವಿದ್ದಾಗಲೂ ಬೆರಳು ಮಡಚಿ ಬಿಡಿಸಬೇಕು. ರಾತ್ರಿ ಸ್ಪ್ಲಿಂಟ್ ಕಟ್ಟಿಕೊಂಡು ಮಲಗಬೇಕು. ಗಾಯ ಪೂರ್ತಿ ಮುಚ್ಚಿದ ಮೇಲೆ ಪ್ರೆಶರ್ ಗಾರ್ಮೆಂಟ್ ಎಂಬ ಬಿಗಿ ಉಡುಪನ್ನು ಸಾಮಾನ್ಯವಾಗಿ ದಿನಕ್ಕೆ 23 ಗಂಟೆ, ತಿಂಗಳುಗಟ್ಟಲೆ ಹಾಕಬೇಕು. ಕಲೆಗೆ ಎಣ್ಣೆ ಹಚ್ಚಿ ತಿಕ್ಕಬೇಕು. ಬಿಸಿಲಿಗೆ ಒಡ್ಡಬಾರದು. ತುರಿಕೆ ಬಂದರೆ ಕೆರೆಯಬಾರದು. ಇದೆಲ್ಲ ಒಂದೆರಡು ದಿನದ ಮಾತಲ್ಲ. ಕಲೆ ಮಾಗಿ ಮೆತ್ತಗಾಗಲು ಒಂದರಿಂದ ಎರಡು ವರ್ಷ ಬೇಕು.

ಈಗ ಹೇಳಿ, "ವ್ಯಾಯಾಮ ಮಾಡಿ, ಮುಂದಿನ ತಿಂಗಳು ಬನ್ನಿ" ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಇಷ್ಟೆಲ್ಲ ನಡೆಯುತ್ತದೆಯೇ?

ಸುಡುವುದು ಯಾರಿಗೆ, ಎಲ್ಲಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸುಟ್ಟಗಾಯಗಳಿಂದ ಸಾಯುತ್ತಾರೆ. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಮಂದಿಗೆ ಮಧ್ಯಮ ಅಥವಾ ತೀವ್ರ ಸುಟ್ಟಗಾಯಗಳಾಗುತ್ತವೆ. ಬಹುಪಾಲು ಆಗುವುದು ಮನೆಯಲ್ಲಿ ಮತ್ತು ಕೆಲಸದ ಜಾಗದಲ್ಲಿ.

ನಮ್ಮ ಕರಾವಳಿಯ ಮನೆಗಳನ್ನೇ ನೆನೆಯಿರಿ. ಬಚ್ಚಲಲ್ಲಿ ಬೆಳಿಗ್ಗೆ ಸಂಜೆ ಒಲೆ ಉರಿಯುತ್ತದೆ, ಹಂಡೆ ತುಂಬ ನೀರು ಕುದಿಯುತ್ತದೆ, ಅಲ್ಲೇ ಮಕ್ಕಳು ಓಡಾಡುತ್ತವೆ. ಕುಚ್ಚಲಕ್ಕಿ ಗಂಜಿ ಬಸಿಯುವಾಗ ಕೈ ಜಾರಿದರೆ ಸಾಕು. ಕಾರ್ಕಳ ಕಡೆ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಬೀಜದ ಸಿಪ್ಪೆಯಿಂದ ಬರುವ ಎಣ್ಣೆ ಕೈಯನ್ನು ಸುಡುತ್ತದೆ ಎಂಬುದು ಗೊತ್ತಿರುವ ವಿಷಯವೇ. ಇನ್ನು ಸುಡುಮದ್ದು. 2024ರ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕಾವಿನಲ್ಲಿ ತೆಯ್ಯಂ ಹೊತ್ತಿಗೆ ದಾಸ್ತಾನಿಟ್ಟಿದ್ದ ಸುಡುಮದ್ದಿಗೆ ಕಿಡಿ ಬಿದ್ದು 150ಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಲವರು ಆಸ್ಪತ್ರೆಯಲ್ಲಿ ದಿನಗಳ ನಂತರ ತೀರಿಕೊಂಡರು. ಬದುಕಿ ಉಳಿದವರ ಹೆಸರು ಸುದ್ದಿಯಿಂದ ಮರೆಯಾಯಿತು. ಆದರೆ ಅವರ ಚಿಕಿತ್ಸೆ ಅಲ್ಲಿಗೆ ಮುಗಿಯುವಂಥದ್ದಲ್ಲ.

ನಮ್ಮ ಪುಣ್ಯಕ್ಕೆ ಉಡುಪಿ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಹತ್ತಿರದಲ್ಲಿದೆ. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರು ಮಾಡಿದ ಊರು ಮಣಿಪಾಲ. ಅಲ್ಲೇ ನರ್ಸಿಂಗ್ ಕಾಲೇಜೂ ಇದೆ. ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ, ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ ಇವೆ. ಜೀವ ಉಳಿಸುವ ಹಂತದಲ್ಲಿ ಇದು ದೊಡ್ಡ ಬಲ. ನಮ್ಮ ಚಿಂತೆ ಇರುವುದು ಆಸ್ಪತ್ರೆಯ ಬಾಗಿಲು ದಾಟಿದ ಮೇಲಿನ ದಾರಿಯ ಬಗ್ಗೆ.

"ಹೇಳಿದ್ದೆವು, ಅವರು ಮಾಡಲಿಲ್ಲ"

ಕೈ ಮಡಚಿಕೊಂಡು ವಾಪಸ್ ಬಂದ ರೋಗಿಯನ್ನು ಕಂಡಾಗ ಎಲ್ಲ ಕಡೆ ಕೇಳಿ ಬರುವ ಮಾತು ಇದು. ಅಲ್ಲಿಗೆ ತಪ್ಪು ರೋಗಿಯದ್ದಾಯಿತು. ಆದರೆ ಯಾಕೆ ಮಾಡಲಿಲ್ಲ?

ಕಾರ್ಕಳದ ಹಳ್ಳಿಯೊಂದರಲ್ಲಿ ಬೀಡಿ ಕಟ್ಟುವ ಒಬ್ಬ ಅಕ್ಕನ ಬಲಗೈ ಸುಟ್ಟಿದೆ ಎಂದಿಟ್ಟುಕೊಳ್ಳಿ. ಬೆರಳಿಗೆ ವ್ಯಾಯಾಮ ಬೇಕು ಎಂದು ಅವರಿಗೆ ಗೊತ್ತಿದೆ. ಆದರೆ ಬೆರಳು ಬಿಡಿಸಿದರೆ ಜೀವ ಹೋಗುವಷ್ಟು ನೋವು. ಹೊಸ ಚರ್ಮ ಹರಿದು ಹೋದರೆ ಎಂಬ ಹೆದರಿಕೆ. ಮನೆಯಲ್ಲಿ ಅತ್ತೆ, "ಕೈ ಅಲುಗಾಡಿಸಬೇಡ, ಗಾಯ ಬಿರಿಯುತ್ತದೆ" ಎನ್ನುತ್ತಾರೆ. ಅದು ಅವರ ಪ್ರೀತಿ. ಮಣಿಪಾಲಕ್ಕೆ ಹೋಗಿ ಬರಲು ಇಡೀ ದಿನ ಬೇಕು, ಜೊತೆಗೊಬ್ಬರು ಬೇಕು, ಅವರ ದಿನದ ಸಂಬಳವೂ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವೇನೋ ಹೌದು. ಆದರೆ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು ಎಂಬುದು ನಿಮಗೇ ಗೊತ್ತು.

ಪ್ರೆಶರ್ ಗಾರ್ಮೆಂಟ್ ವಿಷಯ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಾಪುವಿನ ಸೆಕೆಯಲ್ಲಿ ಒಂದು ಬನಿಯನ್ ಹಾಕಿಕೊಂಡು ಕೂರುವುದೇ ಕಷ್ಟ. ಅಂಥದ್ದರಲ್ಲಿ ಬಿಗಿ ಉಡುಪನ್ನು 23 ಗಂಟೆ ಹಾಕಿಕೊಂಡರೆ ಬೆವರು, ತುರಿಕೆ. ಮಳೆಗಾಲದಲ್ಲಿ ತೊಳೆದರೆ ಒಣಗುವುದಿಲ್ಲ. ಎಲ್ಲರ ಮನೆಯಂತೆ ಬಚ್ಚಲ ಒಲೆಯ ಮೇಲೆ ಹರವಿದರೆ ಅದರ ಇಲಾಸ್ಟಿಕ್ ಹಾಳಾಗುತ್ತದೆ. ಇರುವುದು ಒಂದೇ ಜೊತೆಯಾದರೆ ಒಣಗುವ ತನಕ ಹಾಕುವುದೇನನ್ನು? ಇದು ಸೋಮಾರಿತನವಲ್ಲ. ಇದಕ್ಕೆ ಬೈಗುಳವೂ ಮದ್ದಲ್ಲ.

ಜನರ ನಡವಳಿಕೆ ಹೇಗೆ ಬದಲಾಗುತ್ತದೆ ಎಂದು ಅಧ್ಯಯನ ಮಾಡಿದವರು ಒಂದು ಸರಳ ಲೆಕ್ಕ ಹೇಳುತ್ತಾರೆ. ಯಾವುದೇ ಕೆಲಸ ರೂಢಿಯಾಗಬೇಕಾದರೆ ಮೂರು ಬೇಕು: ಮಾಡುವ ಸಾಮರ್ಥ್ಯ, ಮಾಡಲು ಅವಕಾಶ, ಮಾಡುವ ಮನಸ್ಸು. ಬ್ರಿಟನ್ನಿನ ಸೂಸನ್ ಮಿಚಿ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಒಂದು ಚೌಕಟ್ಟಾಗಿ ಮುಂದಿಟ್ಟರು. ಮೇಲಿನ ಅಕ್ಕನಿಗೆ ಮನಸ್ಸಿದೆ. ಹೇಗೆ ಮಾಡಬೇಕು ಎಂಬ ಧೈರ್ಯ ಅರ್ಧ ಇದೆ. ಅವಕಾಶ ಇಲ್ಲವೇ ಇಲ್ಲ. ಅವರಿಗೆ ಉಪದೇಶ ಮಾಡಿದರೆ ಏನು ಬಂತು?

ಬೈಯುವ ಬದಲು ಕೇಳುವುದು

ನಡವಳಿಕೆ ಬದಲಿಸುವ ಶುಶ್ರೂಷೆ ಎಂದರೆ ಏನೋ ದೊಡ್ಡ ವಿದ್ಯೆ ಅನ್ನಿಸಬಹುದು. ಹಾಗೇನಿಲ್ಲ. ಮದ್ಯವರ್ಜನ ಶಿಬಿರಗಳನ್ನು ಕಂಡ ನಮ್ಮೂರಿನವರಿಗೆ ಇದರ ತಿರುಳು ಗೊತ್ತು. ಕುಡಿಯುವವನಿಗೆ "ಕುಡಿಯಬೇಡ" ಎಂದು ಸಾವಿರ ಸಲ ಹೇಳಿದರೂ ಬಿಡುವುದಿಲ್ಲ. ಯಾಕೆ ಬಿಡಬೇಕು ಎಂಬುದು ಅವನ ಬಾಯಿಂದಲೇ ಬಂದಾಗ ಏನೋ ಬದಲಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತದ ರೋಗಿಗಳ ಜೊತೆ ಮಾಡಿದ ಕೆಲಸದಿಂದ 1983ರಲ್ಲಿ ಇಂಥ ಮಾತುಕತೆಯ ಕ್ರಮವೊಂದನ್ನು ಬರೆದರು. ಆಮೇಲೆ ಅದು ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಸುಟ್ಟಗಾಯ ಎಲ್ಲದರ ಶುಶ್ರೂಷೆಗೂ ಬಂತು.

ಅದೇ ಬೀಡಿ ಕಟ್ಟುವ ಅಕ್ಕನ ಹತ್ತಿರ ನರ್ಸ್ ಒಬ್ಬರು ಹೀಗೆ ಮಾತಾಡುತ್ತಾರೆ ಎಂದುಕೊಳ್ಳಿ.

"ಅಕ್ಕ, ಕೈ ಗುಣ ಆದ್ಮೇಲೆ ಮೊದ್ಲು ಎಂತ ಮಾಡ್ಬೇಕು ಅಂತ ಆಸೆ ಉಂಟು ನಿಮಗೆ?"

"ಎಂತ ಹೇಳುದು ಸಿಸ್ಟರ್. ಮಗಳ ತಲೆ ಬಾಚ್ಬೇಕು. ಎರಡು ತಿಂಗಳಾಯ್ತು, ಅವಳೇ ಹೇಗೋ ಜಡೆ ಹಾಕಿಕೊಂಡು ಶಾಲೆಗೆ ಹೋಗ್ತಾಳೆ."

"ಜಡೆ ಹಾಕ್ಲಿಕ್ಕೆ ಯಾವ ಬೆರಳು ಬೇಕು?"

"ಇದು, ಇದು, ಹೆಬ್ಬೆರಳು."

"ಈಗ ಇದು ಎಷ್ಟು ಮಡಚ್ತದೆ, ತೋರಿಸಿ ನೋಡುವ. ವ್ಯಾಯಾಮ ಮಾಡ್ಲಿಕ್ಕೆ ಎಂತ ಅಡ್ಡ ಬರ್ತದೆ?"

"ನೋವು ಸಿಸ್ಟರ್. ಮತ್ತೆ ಮನೆಯಲ್ಲಿ ಹೇಳ್ತಾರೆ, ಚರ್ಮ ಹರೀತದೆ ಅಂತ."

"ನೋವಿನ ಮಾತ್ರೆ ತೆಗೊಂಡು ಅರ್ಧ ಗಂಟೆ ಬಿಟ್ಟು ಮಾಡಿದ್ರೆ ಆಗ್ಬಹುದಾ? ಅತ್ತೆಯನ್ನು ಮುಂದಿನ ಸಲ ಕರ್ಕೊಂಡು ಬನ್ನಿ, ಅವರ ಎದುರೇ ಮಾಡುವ."

ಈ ಮಾತುಕತೆಗೆ ಐದು ನಿಮಿಷ ಸಾಕು. ಆದರೆ ಇದರೊಳಗೆ ಎಷ್ಟು ಕೆಲಸ ನಡೆದಿದೆ ನೋಡಿ. ವ್ಯಾಯಾಮಕ್ಕೆ ಒಂದು ಕಾರಣ ಸಿಕ್ಕಿತು, ಅದೂ ಆ ತಾಯಿಯದ್ದೇ ಕಾರಣ. ಅಡ್ಡಿ ಯಾವುದು ಎಂದು ತಿಳಿಯಿತು. ನೋವಿಗೆ ಒಂದು ದಾರಿ ಕಂಡಿತು. ಮನೆಯವರನ್ನು ದೂರದೆ ಒಳಗೆ ಸೇರಿಸಿಕೊಂಡಂತಾಯಿತು.

ಇನ್ನು ಮುಂದಿನ ಹೆಜ್ಜೆಗಳು. ಗುರಿ ಚಿಕ್ಕದಿರಬೇಕು. "ಕೈ ಪೂರ್ತಿ ಸರಿಯಾಗಬೇಕು" ಎಂಬುದು ಗುರಿಯಲ್ಲ, ಅದು ಆಸೆ. "ಈ ವಾರ ಸ್ಟೀಲ್ ಲೋಟ ಹಿಡಿಯಬೇಕು" ಎಂಬುದು ಗುರಿ. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವ ಹೆಂಗಸಿಗಾದರೆ, ಮೊದಲ ವಾರ ಬಾಳೆನಾರು ಹಿಡಿಯುವುದು, ಮತ್ತೆ ನಾಲ್ಕು ಹೂವು ಕಟ್ಟುವುದು, ಮತ್ತೆ ಒಂದು ಮೊಳ. ಒಂದು ಚೆಂಡಿಗೆ 800 ಹೂವು. ಅದು ಕೊನೆಯ ಮೆಟ್ಟಿಲು, ಮೊದಲನೆಯದಲ್ಲ. ಒಂದೊಂದು ಮೆಟ್ಟಿಲು ಹತ್ತಿದಾಗಲೂ "ನನ್ನಿಂದ ಆಗ್ತದೆ" ಎಂಬ ನಂಬಿಕೆ ಹುಟ್ಟುತ್ತದೆ. ಆ ನಂಬಿಕೆಯೇ ಮುಂದಿನ ಮೆಟ್ಟಿಲಿಗೆ ಎತ್ತುತ್ತದೆ.

ವ್ಯಾಯಾಮವನ್ನು ದಿನಾ ಮಾಡುವ ಇನ್ನೊಂದು ಕೆಲಸಕ್ಕೆ ಗಂಟು ಹಾಕಬೇಕು. ಬೆಳಗಿನ ಚಹಾದ ಮುಂಚೆ ಹತ್ತು ಸಲ, ಮಧ್ಯಾಹ್ನ ಊಟಕ್ಕೆ ಮುಂಚೆ ಹತ್ತು ಸಲ, ಸಂಜೆ ದೀಪ ಹಚ್ಚಿದ ಮೇಲೆ ಹತ್ತು ಸಲ. ಗಡಿಯಾರ ನೋಡಿ ಮಾಡುವುದು ಮರೆತುಹೋಗುತ್ತದೆ, ಚಹಾ ಮರೆಯುವುದಿಲ್ಲ.

ಹೇಳಿಕೊಟ್ಟದ್ದನ್ನು ವಾಪಸ್ ಹೇಳಿಸಬೇಕು. "ಅರ್ಥ ಆಯ್ತಾ?" ಎಂದರೆ ನಮ್ಮ ಜನ "ಹೂಂ" ಎಂದೇ ತಲೆಯಾಡಿಸುವುದು, ದೊಡ್ಡ ಆಸ್ಪತ್ರೆಯಲ್ಲಿ ಇಲ್ಲ ಎನ್ನಲು ನಾಚಿಕೆ. ಅದರ ಬದಲು, "ಮನೆಯಲ್ಲಿ ಸ್ಪ್ಲಿಂಟ್ ಹೇಗೆ ಕಟ್ಟಿಕೊಳ್ತೀರಿ, ಒಮ್ಮೆ ಕಟ್ಟಿ ತೋರಿಸಿ" ಎಂದರೆ ತಿಳಿದಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ತುಳು ಮಾತ್ರ ಬರುವ ಅಜ್ಜಿಗೆ ತುಳುವಿನಲ್ಲೇ ಹೇಳಬೇಕು, ಬ್ಯಾರಿ ಅಥವಾ ಕೊಂಕಣಿ ಮನೆಮಾತಿನವರಿಗೆ ಆ ಮಾತು ಬಲ್ಲವರನ್ನು ಕರೆಯಬೇಕು.

ಮತ್ತೊಂದು ಮಾತು. ನಾಲ್ಕು ದಿನ ಮಾಡಿ ಐದನೇ ದಿನ ಬಿಟ್ಟರೆ ಅದು ಸೋಲಲ್ಲ. ಎಲ್ಲರೂ ಬಿಡುತ್ತಾರೆ. ಬಿಟ್ಟ ಮೇಲೆ ಮತ್ತೆ ಹಿಡಿಯುವುದು ಹೇಗೆ ಎಂದು ಮೊದಲೇ ಮಾತಾಡಿ ಇಟ್ಟುಕೊಂಡರೆ, ರೋಗಿ ಹೆದರಿ ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸುವುದಿಲ್ಲ.

ಇಲ್ಲೊಂದು ಎಚ್ಚರಿಕೆ: ಚರ್ಮ ಕಸಿ ಮಾಡಿದ ಮೊದಲ ಕೆಲವು ದಿನ ಆ ಭಾಗ ಅಲುಗಾಡಬಾರದು. ಯಾವಾಗ ಶುರು ಮಾಡಬೇಕು, ಎಷ್ಟು ಮಾಡಬೇಕು ಎಂಬುದನ್ನು ವೈದ್ಯರು ಮತ್ತು ಫಿಸಿಯೋಥೆರಪಿಯವರೇ ಹೇಳಬೇಕು.

ನಂಜಿನ ಪಥ್ಯ

ನಮ್ಮ ಕರಾವಳಿಯಲ್ಲಿ ಗಾಯವಾದವರಿಗೆ ಮೊದಲು ನಿಲ್ಲಿಸುವುದು ಮೀನು, ಮೊಟ್ಟೆ. "ನಂಜು ಆಗ್ತದೆ, ಗಾಯ ಕೀವು ಕಟ್ತದೆ" ಎಂಬ ನಂಬಿಕೆ. ಗಂಜಿ, ತೆಳಿ, ಉಪ್ಪಿನಕಾಯಿಯಲ್ಲಿ ದಿನ ಹೋಗುತ್ತದೆ.

ಸುಟ್ಟಗಾಯದ ಮಟ್ಟಿಗೆ ಇದು ದೊಡ್ಡ ಅಪಾಯ. ದೊಡ್ಡ ಸುಟ್ಟಗಾಯವಾದಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಗಾಯ ಕಟ್ಟಲು ಹೊರಡುತ್ತದೆ. ಆಗ ಬೇಕಾಗುವ ಪ್ರೋಟೀನು ಸಾಮಾನ್ಯ ದಿನಗಳಿಗಿಂತ ಸುಮಾರು ಇಮ್ಮಡಿ: ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.5ರಿಂದ 2 ಗ್ರಾಂ. 50 ಕಿಲೋ ತೂಕದ ಹೆಂಗಸಿಗೆ 75ರಿಂದ 100 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಬರೀ ಗಂಜಿಯಲ್ಲಿ ಇದು ಹೇಗೆ ತುಂಬೀತು? ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ತಿನ್ನಬೇಕು. ಉಳಿದವರಿಗೆ ಬಂಗುಡೆ, ಬೂತಾಯಿ, ಮೊಟ್ಟೆ ಗಾಯದ ವೈರಿಗಳಲ್ಲ, ನೆಂಟರು. ಮೀನು ತಿನ್ನದವರಿಗೆ ಹಾಲು, ಮೊಸರು, ಹೆಸರುಕಾಳು, ಕಡಲೆ, ಶೇಂಗಾ, ಸೋಯಾ ಇವೆ.

ಆದರೆ "ನಂಜು ಎಲ್ಲ ಸುಳ್ಳು, ಮೂಢನಂಬಿಕೆ" ಎಂದು ವಾರ್ಡಿನಲ್ಲಿ ನಿಂತು ಹೇಳಿದರೆ ಅತ್ತೆಯ ಮುಖ ಬಿಗಿಯುತ್ತದೆ, ಮನೆಗೆ ಹೋದ ಮೇಲೆ ಗಂಜಿಯೇ ಗತಿ. ತಿಳಿದ ನರ್ಸ್ ಬೇರೆ ದಾರಿ ಹಿಡಿಯುತ್ತಾರೆ. "ನಿಮ್ಮ ಮನೆಯಲ್ಲಿ ಯಾವುದನ್ನು ನಂಜು ಅಂತೀರಿ, ಯಾವುದು ಆಗ್ತದೆ?" ಎಂದು ಕೇಳುತ್ತಾರೆ. ಮೀನು ಬೇಡ ಎಂದರೆ ಹೆಸರುಕಾಳಿನ ಗಂಜಿಯಿಂದ ಶುರು. ಗಂಜಿಗೆ ಹಾಲು. ಎರಡು ದಿನ ಬಿಟ್ಟು ಒಂದು ಮೊಟ್ಟೆಯ ಬಿಳಿ ಭಾಗ. ಗಾಯ ಕೀವು ಕಟ್ಟಲಿಲ್ಲ ಎಂದು ಕಣ್ಣಾರೆ ಕಂಡ ಮೇಲೆ ಮೀನಿನ ಮಾತು. ಹಿರಿಯರ ಮರ್ಯಾದೆಯೂ ಉಳಿಯಿತು, ರೋಗಿಯ ಹೊಟ್ಟೆಗೂ ಸೇರಿತು.

ಮನಸ್ಸಿಗೂ ಸುಟ್ಟಗಾಯವಿದೆ

ಬೆಂಕಿ ಕಂಡವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಒಲೆಯ ಎದುರು ನಿಂತರೆ ಎದೆ ಹೊಡೆದುಕೊಳ್ಳುತ್ತದೆ. ಕನ್ನಡಿ ನೋಡಲು ಮನಸ್ಸಾಗುವುದಿಲ್ಲ. ಹೊಸ ಚರ್ಮದ ತುರಿಕೆ ತಿಂಗಳುಗಟ್ಟಲೆ ನಿದ್ದೆ ಕೆಡಿಸುತ್ತದೆ. ಈ ಸ್ಥಿತಿಯಲ್ಲಿ ಇರುವವರಿಗೆ ವ್ಯಾಯಾಮದ ಪಟ್ಟಿ ಕೊಟ್ಟರೆ ಅದು ಗೋಡೆಯ ಮೇಲೆ ಉಳಿಯುತ್ತದೆ. ಮೊದಲು ನಿದ್ದೆ, ನೋವು, ತುರಿಕೆ, ಹೆದರಿಕೆಗೆ ಮದ್ದು ಬೇಕು.

ಇನ್ನೂ ಒಂದು ಕಹಿ ಸತ್ಯವನ್ನು ಹೇಳಲೇಬೇಕು. ಎಲ್ಲ ಸುಟ್ಟಗಾಯಗಳೂ ಆಕಸ್ಮಿಕವಲ್ಲ. "ಸ್ಟವ್ ಸಿಡಿಯಿತು" ಎನ್ನುವ ಹೆಂಗಸಿನ ಮಾತಿನ ಹಿಂದೆ ಕೆಲವೊಮ್ಮೆ ಮನೆಯೊಳಗಿನ ಹಿಂಸೆ ಇರುತ್ತದೆ, ಕೆಲವೊಮ್ಮೆ ಬದುಕು ಸಾಕೆನಿಸಿದ ಕ್ಷಣ ಇರುತ್ತದೆ. ಗಂಡನ ಮನೆಯವರು ಪಕ್ಕದಲ್ಲೇ ನಿಂತಿರುವಾಗ ಆಕೆ ಏನನ್ನೂ ಹೇಳಲಾರಳು. ಡ್ರೆಸ್ಸಿಂಗ್ ಬದಲಿಸುವಾಗ ಒಬ್ಬಳೇ ಇರುವ ಹತ್ತು ನಿಮಿಷದಲ್ಲಿ ನರ್ಸ್ ಮೆಲ್ಲಗೆ ಕೇಳುವ ಒಂದು ಪ್ರಶ್ನೆ ಅವಳ ಜೀವ ಉಳಿಸಬಹುದು. ಸುಟ್ಟ ಮನೆಗೇ ಅವಳನ್ನು ವಾಪಸ್ ಕಳಿಸಿ "ನಡವಳಿಕೆ ಬದಲಿಸಿಕೊ" ಎಂದರೆ ಅದಕ್ಕಿಂತ ಕ್ರೂರ ಮಾತಿಲ್ಲ. ಇಂಥವರಿಗೆ ಮಹಿಳಾ ಸಹಾಯವಾಣಿ 181 ಇದೆ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಇದೆ: 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಬದಲಾಗಬೇಕಾದ್ದು ರೋಗಿ ಮಾತ್ರವಲ್ಲ

ಎರಡನೇ ಮಹಾಯುದ್ಧದಲ್ಲಿ ವಿಮಾನದ ಬೆಂಕಿಯಲ್ಲಿ ಮುಖ, ಕೈ ಸುಟ್ಟುಕೊಂಡ ಯುವ ಯೋಧರನ್ನು ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಸಣ್ಣ ಪೇಟೆಯ ಆಸ್ಪತ್ರೆಗೆ ತರುತ್ತಿದ್ದರು. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಮೆಕಿಂಡೋ ಅಲ್ಲಿನ ಸರ್ಜನ್. ಅವರು ಶಸ್ತ್ರಚಿಕಿತ್ಸೆಗೆ ಮಾತ್ರ ನಿಲ್ಲಲಿಲ್ಲ. ರೋಗಿಗಳಿಗೆ ಆಸ್ಪತ್ರೆಯ ಬಟ್ಟೆ ಬಿಡಿಸಿ ಅವರದ್ದೇ ಸಮವಸ್ತ್ರ ಹಾಕಲು ಬಿಟ್ಟರು. ಚಿಕಿತ್ಸೆ ನಡೆಯುತ್ತಿರುವಾಗಲೇ ಪೇಟೆಗೆ ಕಳಿಸಿದರು. ಊರಿನವರ ಹತ್ತಿರ ಮಾತಾಡಿ, ಇವರನ್ನು ಮನೆಗೆ ಕರೆಯಿರಿ, ಮುಖ ಕಂಡು ಬೆಚ್ಚಿ ನಿಲ್ಲಬೇಡಿ ಎಂದು ಕೇಳಿಕೊಂಡರು. ಊರು ಅದನ್ನು ಕೇಳಿತು. ಎವೆಯಿಕ್ಕದೆ ನೋಡದ ಊರು ಎಂದೇ ಅದಕ್ಕೆ ಹೆಸರಾಯಿತು. ಆ ರೋಗಿಗಳು 1941ರಲ್ಲಿ ಕಟ್ಟಿಕೊಂಡ ಗಿನಿಪಿಗ್ ಕ್ಲಬ್‌ನಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 649 ಸದಸ್ಯರಿದ್ದರು.

ನಮ್ಮಲ್ಲಿ ಸುಟ್ಟ ಮುಖದ ಹುಡುಗಿ ಬಸ್ಸು ಹತ್ತಿದರೆ ಇಡೀ ಬಸ್ಸು ತಿರುಗಿ ನೋಡುತ್ತದೆ. "ಎಂತ ಆದದ್ದು?" ಎಂದು ಗುರುತಿಲ್ಲದವರೂ ಕೇಳುತ್ತಾರೆ. ಮದುವೆಯಲ್ಲಿ ಮುಂದಿನ ಸಾಲಿಗೆ ಕರೆಯುವುದಿಲ್ಲ. ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಸುಟ್ಟ ಕಲೆ ಅಂಟುರೋಗವಲ್ಲ ಎಂದು ಯಾರಿಗೆ ಗೊತ್ತಿಲ್ಲ? ಆದರೂ ಹೀಗೆ. ಆಮೇಲೆ ಅವಳು ಮನೆಯಿಂದ ಹೊರಗೆ ಬರುವುದಿಲ್ಲ, ಫಾಲೋಅಪ್‌ಗೂ ಹೋಗುವುದಿಲ್ಲ. ಮದ್ದು ಬೇಕಾದ್ದು ಅವಳ ಮನಸ್ಸಿಗೋ, ನಮ್ಮ ಕಣ್ಣಿಗೋ?

ನಮ್ಮ ಬೇಡಿಕೆ

ಕೆಲವರು ಕೇಳಬಹುದು: ವಾರ್ಡಿನಲ್ಲಿ ಇಂಜೆಕ್ಷನ್, ಡ್ರಿಪ್, ಡ್ರೆಸ್ಸಿಂಗ್ ನೋಡಲೇ ನರ್ಸ್‌ಗಳಿಗೆ ಪುರುಸೊತ್ತಿಲ್ಲ, ಮಾತಾಡುತ್ತಾ ಕೂರಲು ಎಲ್ಲಿ ಸಮಯ? ನಿಜ. ಆದ್ದರಿಂದಲೇ ಈ ಕೆಲಸವನ್ನು "ಸಮಯ ಸಿಕ್ಕರೆ" ಎಂದು ಬಿಡದೆ ಚಿಕಿತ್ಸೆಯ ಭಾಗವೆಂದೇ ಲೆಕ್ಕ ಹಾಕಬೇಕು, ಅದಕ್ಕೆ ತಕ್ಕಂತೆ ನರ್ಸ್‌ಗಳ ಸಂಖ್ಯೆ ಹೆಚ್ಚಬೇಕು. ಹಿಡಿದುಕೊಂಡ ಕೀಲನ್ನು ಬಿಡಿಸಲು ಮತ್ತೆ ಆಪರೇಷನ್ ಮಾಡುವ ಖರ್ಚು, ನೋವು, ಹೋಗುವ ದುಡಿಮೆ ಎಲ್ಲ ಸೇರಿಸಿದರೆ ದಿನಕ್ಕೆ ಹತ್ತು ನಿಮಿಷದ ಮಾತು ದುಬಾರಿಯಲ್ಲ.

ಮಾತಿನಿಂದಲೇ ಎಲ್ಲ ಗುಣವಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಎಷ್ಟು ಶ್ರಮಪಟ್ಟರೂ ಕೆಲವರ ಕೀಲು ಹಿಡಿದುಕೊಳ್ಳುತ್ತದೆ, ಆಪರೇಷನ್ ಬೇಕಾಗುತ್ತದೆ. ಅದು ಅವರ ತಪ್ಪಲ್ಲ. ಆದರೆ ತಪ್ಪಿಸಬಹುದಾದ್ದನ್ನು ತಪ್ಪಿಸಬೇಕು. ಅದಕ್ಕಾಗಿ ನಾವು ಕೇಳುವುದು ಇವು.

ಒಂದು, ಸುಟ್ಟಗಾಯದ ರೋಗಿ ಬಿಡುಗಡೆಯಾಗುವಾಗ ಕನ್ನಡದಲ್ಲಿ, ಚಿತ್ರವಿರುವ ಒಂದು ಕಾರ್ಡ್ ಕೊಡಬೇಕು. ಸ್ಪ್ಲಿಂಟ್ ಎಷ್ಟು ಹೊತ್ತು, ವ್ಯಾಯಾಮ ಎಷ್ಟು ಸಲ, ಊಟ ಏನು, ಯಾವಾಗ ಹೆದರಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಅದರಲ್ಲಿ ಇರಬೇಕು.

ಎರಡು, ಆ ಕಾರ್ಡಿನ ಇನ್ನೊಂದು ಪ್ರತಿ ರೋಗಿಯ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ ಹೋಗುತ್ತಾರೆ. ಸುಟ್ಟಗಾಯದವರ ಮನೆಗೂ ಮೊದಲ ಆರು ತಿಂಗಳು ಅವರೋ, ಸಮುದಾಯ ಆರೋಗ್ಯ ಅಧಿಕಾರಿಯೋ ಹೋಗಿ ಬರುವಂತೆ ಆಗಬೇಕು. ಅದಕ್ಕೆ ತರಬೇತಿಯೂ ಬೇಕು, ಗೌರವಧನವೂ ಬೇಕು. ಇರುವ ಕೆಲಸದ ಮೇಲೆ ಇನ್ನೊಂದು ಹೊರೆ ಹಾಕುವುದಲ್ಲ.

ಮೂರು, ಪ್ರತಿ ಸಲ ಮಣಿಪಾಲಕ್ಕೆ ಬರಬೇಕೆಂದಿಲ್ಲ. ಕೈ ಮಡಚುವ ವಿಡಿಯೋ ಕಳಿಸಿದರೆ ನೋಡಿ ಹೇಳಬಹುದಾದ ವಿಷಯಗಳು ಎಷ್ಟೋ ಇವೆ. ನಡುವಿನ ತಪಾಸಣೆಗಳು ಕಾರ್ಕಳದಲ್ಲಿ, ಕಾಪುವಿನಲ್ಲಿ ಹತ್ತಿರದ ಆಸ್ಪತ್ರೆಯಲ್ಲೇ ಆಗಲಿ.

ನಾಲ್ಕು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ರಕ್ಷಣೆ ಇದೆ. ಸ್ಪ್ಲಿಂಟ್, ಎರಡು ಜೊತೆ ಪ್ರೆಶರ್ ಗಾರ್ಮೆಂಟ್, ಫಿಸಿಯೋಥೆರಪಿ ಇವೆಲ್ಲ ಚಿಕಿತ್ಸೆಯೇ ಎಂದು ಒಪ್ಪಿ ರೋಗಿಗೆ ಸಿಗುವಂತೆ ಮಾಡಬೇಕು. ನಿಮ್ಮವರು ದಾಖಲಾಗಿದ್ದರೆ, ಬಿಡುಗಡೆಗೆ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಿನಲ್ಲಿ ಏನೇನು ಸಿಗುತ್ತದೆ ಎಂದು ಕೇಳಿ.

ನಿಮ್ಮ ಕೈಯಲ್ಲಿರುವುದು

ಸುಟ್ಟ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಬಾವಿ ನೀರನ್ನು ಚೆಂಬಿನಲ್ಲಿ ಹೊಯ್ಯುತ್ತಾ ಇರಿ. ಊದುವ ಮುಂಚೆ ಬಳೆ, ಉಂಗುರ ತೆಗೆಯಿರಿ. ಐಸ್ ಬೇಡ. ಟೂತ್‌ಪೇಸ್ಟ್, ಅರಿಶಿನ, ಶಾಯಿ, ಬೆಣ್ಣೆ, ಎಣ್ಣೆ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಶುಭ್ರ ಬಟ್ಟೆ ಮುಚ್ಚಿ 108ಕ್ಕೆ ಫೋನ್ ಮಾಡಿ.

ಮನೆಗೆ ಬಂದ ಮೇಲೆ ರೋಗಿಯ ಎಲ್ಲ ಕೆಲಸವನ್ನೂ ನೀವೇ ಮಾಡಿಕೊಡಬೇಡಿ. ಲೋಟವನ್ನು ಅವರೇ ಎತ್ತಲಿ, ನಾಲ್ಕು ಸಲ ಜಾರಲಿ. ವ್ಯಾಯಾಮದ ಹೊತ್ತಿಗೆ ಪಕ್ಕದಲ್ಲಿ ಕೂತು ಎಣಿಸಿ. ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಬಿಸಿಲಿಗೆ ಹೋಗುವಾಗ ಕೊಡೆ ಕೊಡಿ, ಉದ್ದ ತೋಳಿನ ಅಂಗಿ ಹಾಕಿಸಿ. ಮನೆಯಲ್ಲಿ ಬೀಡಿ ಸಿಗರೇಟು ಇದ್ದರೆ ನಿಲ್ಲಿಸಿ, ಹೊಗೆ ಗಾಯ ಮಾಗುವುದನ್ನು ತಡಮಾಡುತ್ತದೆ. ಗಾಯದಿಂದ ವಾಸನೆ, ಕೀವು, ಜ್ವರ ಬಂದರೆ, ನಿನ್ನೆ ಮಡಚುತ್ತಿದ್ದ ಬೆರಳು ಇವತ್ತು ಮಡಚದಿದ್ದರೆ ಮುಂದಿನ ತಾರೀಕು ಕಾಯದೆ ಹೊರಡಿ.

ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಒಂದು ದಿನ ಈ ವಿಷಯ ಮಾತಾಡಿ. ನಿಮ್ಮ ಊರಿನಲ್ಲಿ ಸುಟ್ಟಗಾಯದಿಂದ ಎದ್ದು ಬಂದವರು ಯಾರಾದರೂ ಇದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರು ಹೇಳುವುದನ್ನು ಕೇಳಿ. ನೋವಿನಲ್ಲೂ ಬೆರಳು ಬಿಡಿಸಿದ್ದು ಹೇಗೆ ಎಂದು ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ಬೇರೆ ಯಾರೂ ಇಲ್ಲ.